ಮಾಬೂಬಿಯ ಸಿಂಹ

ಹುಬ್ಬಳ್ಳಿಯ ನಮ್ಮ ಪತ್ತಾರ ಓಣಿಯಲ್ಲಿ, ಅಕ್ಕಸಾಲಿಗರ ಬೀದಿಯಲ್ಲಿ, ಕಸಕ್ಕೂ ಬೆಲೆ ಇತ್ತು. ಬಂಗಾರದ ಕೆಲಸದಲ್ಲಿ ಅರ ತಿಕ್ಕುವಾಗ, ಕೊಂಡಿ ಬೆಸೆಯುವಾಗ ಕಣ್ಣಿಗೆ ಕಾಣದಷ್ಟು ಪುಡಿ ಉದುರುತ್ತದೆ. ಅದು ಅಂಗಡಿಯ ಕಟ್ಟೆಯಿಂದ ಬೀದಿಗೆ, ಬೀದಿಯಿಂದ ಗಟಾರಕ್ಕೆ ಹೋಗುತ್ತದೆ. ಆ ಕಸವನ್ನು ಗುಡಿಸಿ ಒಯ್ದು, ನೀರಿನಲ್ಲಿ ತೊಳೆದು ತೊಳೆದು, ಮಣ್ಣು ಹರಿದುಹೋಗಿ ಬಂಗಾರ ಉಳಿಯುವ ಹಾಗೆ ಮಾಡುವುದೇ ಒಂದು ಕಸುಬು. ನಮ್ಮ ಓಣಿಯಲ್ಲಿ ಆ ಕಸುಬು ಮಾಬೂಬಿಯದು. ಮೊದಲು ಅವಳ ಅತ್ತೆಯದಾಗಿತ್ತು. ಅತ್ತೆ ಸತ್ತ ಮೇಲೆ ಪೊರಕೆಯೂ ಕಸ ತೊಳೆಯುವ ಮರದ ಮರಿಗೆಯೂ ಇವಳ ಪಾಲಿಗೆ ಬಂದವು.

ನಾನು ತಾರಾಬಾಯಿ, ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಕಾಳಪ್ಪ ಪತ್ತಾರರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಗಂಡ ಸತ್ತವಳು ಒಬ್ಬಳೇ ಪರವೂರಲ್ಲಿರುವುದು ಎಂದರೇನು ಎಂದು ಧಾರವಾಡದ ನಮ್ಮ ಮನೆಯವರು ಎರಡು ವರ್ಷ ಕೂಗಾಡಿ, ಗಂಟಲು ನೊಂದ ಮೇಲೆ ಸುಮ್ಮನಾಗಿದ್ದರು. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬರುತ್ತದೆ, ಸುಳ್ಳಲ್ಲ. ಆದರೆ ಈ ಸಂಗತಿಯಲ್ಲಿ ಬರಲೇಬೇಕಾದ ಹೊತ್ತಿಗೆ ಅದು ಬರಲಿಲ್ಲ. ಅದನ್ನು ಮೊದಲೇ ಹೇಳಿಬಿಟ್ಟರೆ ನನ್ನ ಎದೆ ಹಗುರಾಗುತ್ತದೆ.

ನಲವತ್ಮೂರನೆಯ ಇಸವಿ. ಯುದ್ಧ ಎಲ್ಲಿಯೋ ನಡೆದಿತ್ತು, ತುಟ್ಟಿ ಮಾತ್ರ ನಮ್ಮ ಅಡುಗೆಮನೆಯಲ್ಲೇ ಕೂತಿತ್ತು. ಬಂಗಾರ ತೊಲೆಗೆ ಎಪ್ಪತ್ತು ದಾಟಿತ್ತು. ಅರಳೆಯಲ್ಲಿ, ಬಟ್ಟೆಯಲ್ಲಿ, ಚಿಮಣಿ ಎಣ್ಣೆಯಲ್ಲಿ ಒಮ್ಮೆಗೇ ದುಡ್ಡು ಕಂಡವರಿಗೆ ಅದನ್ನು ಎಲ್ಲಿ ಬಚ್ಚಿಡುವುದೆಂಬ ಚಿಂತೆ ಹತ್ತಿತ್ತು. ಅಂಥವರಿಗೆಲ್ಲ ಇದ್ದಕ್ಕಿದ್ದಂತೆ ಹಳೆಯ ರಾಜರ ಮೇಲೆ ಪ್ರೀತಿ ಹುಟ್ಟಿತು. ಹಳೆಯ ಬಂಗಾರದ ನಾಣ್ಯ ಹೆಬ್ಬೆರಳ ಉಗುರಿನಷ್ಟಿರುತ್ತದೆ, ನಶ್ಯದ ಡಬ್ಬಿಯಲ್ಲಿ ಹಿಡಿಸುತ್ತದೆ, ಯಾರೂ ಲೆಕ್ಕ ಕೇಳುವುದಿಲ್ಲ. ಇವತ್ತು ನೂರಕ್ಕೆ ಕೊಂಡದ್ದನ್ನು ದೀಪಾವಳಿಗೆ ಇನ್ನೂರಕ್ಕೆ ಕೊಳ್ಳುವವರು ಇರುತ್ತಿದ್ದರು.

ಈ ವ್ಯಾಪಾರ ನಮ್ಮ ಓಣಿಯಲ್ಲಿ ಪಂಢರಿನಾಥರಾಯರ ಕೈಯಲ್ಲಿತ್ತು. ನಮ್ಮ ಮನೆಯ ಎದುರಿಗೇ ಅವರ ಅಂಗಡಿ. ಬಿಳಿ ರುಮಾಲು, ಕೈಯಲ್ಲಿ ಭೂತಗನ್ನಡಿ, ಮುಂದೆ ಮಕಮಲ್ಲಿನ ಪೆಟ್ಟಿಗೆ. ಅವರು ಪತ್ತಾರರಲ್ಲ. "ನಾನು ಬೆಂಕಿ ಮುಟ್ಟಾಂವ ಅಲ್ಲವಾ, ನಂದು ಬರೇ ಕಣ್ಣಿನ ವಿದ್ಯಾ," ಎಂದು ಹೇಳಿಕೊಳ್ಳುತ್ತಿದ್ದರು. ಪ್ರತಿ ನಾಣ್ಯಕ್ಕೂ ಒಂದು ಚೀಟಿ ಬೇಕಿತ್ತು. ಯಾವ ಕಾಲದ್ದು, ಎಲ್ಲಿ ಸಿಕ್ಕಿತು, ಎಷ್ಟು ಅಪರೂಪ, ಎಲ್ಲವನ್ನೂ ಕನ್ನಡದಲ್ಲೊಮ್ಮೆ ಇಂಗ್ಲಿಷಿನಲ್ಲೊಮ್ಮೆ ಬರೆಯಬೇಕು. ಅದನ್ನು ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಚೀಟಿಗೆ ನಾಲ್ಕಾಣೆ. "ತಾರಾಬಾಯಿ, ನಿಮ್ಮ ಅಕ್ಷರ ನೋಡೇ ಗಿರಾಕಿ ಅರ್ಧ ನಂಬತಾರ," ಎನ್ನುತ್ತಿದ್ದರು. ನಾನು ಹಿಗ್ಗುತ್ತಿದ್ದೆ. ಅದು ಹಿಗ್ಗುವ ಮಾತಾಗಿರಲಿಲ್ಲ ಎಂದು ಈಗ ಅನಿಸುತ್ತದೆ.

ಮಾಬೂಬಿಯ ಕಸುಬಿಗೆ ಅದರದೇ ಕಟ್ಟುಕಟ್ಟಳೆ ಇದ್ದವು. ದೀಪಾವಳಿಯ ಪಾಡ್ಯದಂದು ಪ್ರತಿ ಅಂಗಡಿಗೂ ವರ್ಷದ ಹಣ ಮುಂಗಡ ಕೊಟ್ಟು ಕಸದ ಹಕ್ಕು ಪಡೆಯಬೇಕು. ಹೆಚ್ಚು ಕೆಲಸವಿರುವ ಅಂಗಡಿಗೆ ಐದು ರೂಪಾಯಿ, ಸಣ್ಣದಕ್ಕೆ ಒಂದು. ಪಂಢರಿನಾಥರಾಯರದು ಬರೀ ನಾಲ್ಕಾಣೆ, ಏಕೆಂದರೆ ಅಲ್ಲಿ ಒಲೆಯೇ ಇಲ್ಲ. ಯಾವ ಅಂಗಡಿಯ ಕಸ ಎಷ್ಟು ಫಲ ಕೊಟ್ಟಿತೆಂದು ಮುಂದಿನ ವರ್ಷಕ್ಕೆ ಗೊತ್ತಿರಬೇಕಲ್ಲ, ಅದಕ್ಕಾಗಿ ಅವಳು ಪ್ರತಿ ಅಂಗಡಿಯ ಕಸವನ್ನೂ ಬೇರೆ ಬೇರೆ ಗಂಟು ಕಟ್ಟುತ್ತಿದ್ದಳು. ಗಂಟಿಗೊಂದು ಬಣ್ಣದ ಚಿಂದಿ. ಕಾಳಪ್ಪಜ್ಜನದು ಕೆಂಪು, ರಾಯರದು ಹಸಿರು. ಅವಳ ಮನೆ ಉಣಕಲ್ಲಿನಲ್ಲಿ, ಕೆರೆಯ ದಂಡೆಗೆ. ಶಿವರಾತ್ರಿಯಿಂದ ಮುಂದೆ ಕೆರೆ ಬತ್ತಿ ದಂಡೆಯೆಲ್ಲ ರಾಡಿಯಾಗುವುದರಿಂದ ಬೇಸಿಗೆಯ ಗಂಟುಗಳನ್ನು ಮನೆಯಲ್ಲಿ ಒಟ್ಟಿ, ಮಳೆ ಬಿದ್ದ ಮೇಲೆ ತೊಳೆಯುತ್ತಿದ್ದಳು.

ಇನ್ನೊಂದು ಕಟ್ಟಳೆ ಎಲ್ಲಕ್ಕಿಂತ ದೊಡ್ಡದು. ಪುಡಿ ಸಿಕ್ಕರೆ ಅವಳದು, ಇಡಿಯ ವಸ್ತು ಸಿಕ್ಕರೆ ಅಲ್ಲ. ಮೂಗುತಿಯಿರಲಿ, ಗುಂಡಿರಲಿ, ಅಂಗೈಯಲ್ಲಿಟ್ಟುಕೊಂಡು ಒಂದೊಂದೇ ಕಟ್ಟೆಯ ಮುಂದೆ ನಿಂತು "ಇದು ನಿಮ್ದೇನ್ರಿ?" ಎಂದು ಕೇಳಬೇಕು. ಹನ್ನೊಂದು ಅಂಗಡಿಯವರೂ ಅಲ್ಲವೆಂದರೆ ಮಾತ್ರ ಅದು ಅವಳದಾಗುತ್ತದೆ. ಅವಳ ಅತ್ತೆ ಒಮ್ಮೆ ಒಂದು ಹರಳಿಗಾಗಿ ಓಣಿಯನ್ನು ಎರಡು ಸಲ ಸುತ್ತಿದ್ದಳಂತೆ. ಆ ಸುತ್ತಾಟದ ಮೇಲೆಯೇ ಈ ಮನೆತನವನ್ನು ಓಣಿ ನಂಬಿತ್ತು.

ಸಂಕ್ರಮಣದ ಮುಂದೆ ಮುನಸಿಪಾಲಿಟಿಯವರು ಓಣಿಯ ಹಳೆಯ ಗಟಾರ ಅಗೆದರು. ಆಳಿನುದ್ದ ಹೂಳು ಮೇಲೆ ಬಂತು. ಅಜ್ಜ ಮುತ್ತಜ್ಜರ ಕಾಲದ ರಾಡಿ, ಮೂಗು ಮುಚ್ಚಿಕೊಂಡರೂ ಬಿಡದ ನಾತ. ಮಾಬೂಬಿ ಅದನ್ನೂ ಬುಟ್ಟಿಯಲ್ಲಿ ಹೊತ್ತು ಒಯ್ದು ತೊಳೆದಳು. ಅದರಲ್ಲಿ ಒಂದು ಬಂಗಾರದ ನಾಣ್ಯ ಸಿಕ್ಕಿತು. ಒಂದು ಬದಿಗೆ ಬಾಲ ಎತ್ತಿದ ಸಿಂಹ, ಇನ್ನೊಂದು ಬದಿಗೆ ಮೂರು ಸಾಲು ಹಳೆಯ ಅಕ್ಷರ. ಸಿಂಹದ ಬಾಲದ ಹತ್ತಿರ ಅಂಚಿನಲ್ಲಿ ಒಂದು ಸಣ್ಣ ಕಚ್ಚು. ಯಾವ ಕಾಲದಲ್ಲೋ ಯಾರೋ ಬಂಗಾರ ಪರೀಕ್ಷಿಸಲು ಉಳಿ ತಾಗಿಸಿದ್ದ ಗುರುತು.

ಅಲ್ಲಿ ಅವಳು ತಪ್ಪಿದಳು. ಇಷ್ಟು ಹಳೆಯ ರಾಡಿಯಲ್ಲಿ ಸಿಕ್ಕದ್ದು ಬದುಕಿರುವ ಯಾರದೂ ಅಲ್ಲವೆಂದು ತಿಳಿದು ಕಟ್ಟೆ ಕಟ್ಟೆ ಸುತ್ತಲಿಲ್ಲ. ನೇರವಾಗಿ ಹಳೆಯ ನಾಣ್ಯದ ವ್ಯಾಪಾರ ಮಾಡುವ ಪಂಢರಿನಾಥರಾಯರ ಹತ್ತಿರ ಹೋದಳು.

ರಾಯರು ಭೂತಗನ್ನಡಿ ಹಿಡಿದು ನೋಡಿದರು. "ಬಂಗಾರ ಖರೇ ಅದ. ಆದ್ರ ಹಳೇದಲ್ಲ. ಯಾರೋ ದೇವರ ಜಗಲಿಗೆ ಅಂತ ಹತ್ತು ವರ್ಷದ ಹಿಂದ ಮಾಡಿಸಿದ್ದು. ತೂಕದ ಬೆಲಿ ಕೊಡತೀನಿ, ಹದಿನೆಂಟು ರೂಪಾಯಿ."

ಬಂಗಾರದ ತೂಕ ಮಾಬೂಬಿಗೆ ಅಂಗೈಯಲ್ಲೇ ಗೊತ್ತಾಗುತ್ತಿತ್ತು. ಅಕ್ಷರದ ವಯಸ್ಸು ಗೊತ್ತಾಗುತ್ತಿರಲಿಲ್ಲ. ಹದಿನೆಂಟು ರೂಪಾಯಿ ತೆಗೆದುಕೊಂಡು ಎರಡು ಆಡು ಕೊಂಡಳು. ಅವುಗಳಿಗೆ ಬೆಳ್ಳಿ, ಕರಿಯವ್ವ ಎಂದು ಹೆಸರಿಟ್ಟಳು.

ಮರುದಿನವೇ ರಾಯರು ನನ್ನಿಂದ ಚೀಟಿ ಬರೆಸಿದರು. "ಸಿಂಹದ ಗದ್ಯಾಣ. ಬಹು ಪುರಾತನ. ನವಲಗುಂದದ ಕಡೆಯ ಹೊಲದಲ್ಲಿ ಉಳುವಾಗ ದೊರೆತದ್ದು. ಬಾಲದ ಹತ್ತಿರ ಅಂಚಿನಲ್ಲಿ ಸಣ್ಣ ಕಚ್ಚು. ಇಂಥದ್ದು ಇದೊಂದೇ." ಮಾಬೂಬಿ ತಂದದ್ದು ನನಗೆ ಆಗ ಗೊತ್ತಿರಲಿಲ್ಲ. ಹೋಳಿಯ ಹೊತ್ತಿಗೆ ಅದೇ ಚೀಟಿಯನ್ನು ಮತ್ತೊಮ್ಮೆ ಬರೆಸಿದರು, ಮೊದಲನೆಯದಕ್ಕೆ ಮಸಿ ಚೆಲ್ಲಿತೆಂದು. ವೈಶಾಖದಲ್ಲಿ ಮೂರನೆಯ ಸಲ, ಎರಡನೆಯದನ್ನು ಇಲಿ ಕಚ್ಚಿತೆಂದು. ನಾನು ಬರೆದೆ, ಮೂರು ನಾಲ್ಕಾಣೆ ಎಣಿಸಿಕೊಂಡೆ.

ಆ ನಾಣ್ಯ ಕೊಂಡವರು ಅರಳೆ ವ್ಯಾಪಾರದ ಫಕೀರಪ್ಪ ಸಾಹುಕಾರರು. ನಾನೂರೈವತ್ತು ರೂಪಾಯಿಗೆ. ವೈಶಾಖದಲ್ಲಿ ಒಂದು ದಿನ ಅವರು ಕಾಳಪ್ಪಜ್ಜನ ಕಟ್ಟೆಗೆ ಮಗಳ ಕೊರಳಿಗೆ ಟೀಕಿ ಮಾಡಿಸಲು ಬಂದಾಗ ಅದನ್ನು ಕಿಸೆಯಿಂದ ತೆಗೆದು ಎಲ್ಲರಿಗೂ ತೋರಿಸಿದರು. "ಮುಂಬಯಿಯಾಗ ಒಬ್ರು ಒಂಬೈನೂರು ಕೊಡ್ತೀನಿ ಅನ್ನಾಕತ್ತಾರ. ನಾಕ ತಿಂಗಳದಾಗ ದುಪ್ಪಟ್ಟು. ಎತ್ತು ಹೂಡಲಿಲ್ಲ, ಬಿತ್ತಲಿಲ್ಲ," ಎಂದು ನಕ್ಕರು.

ಕಸ ಗುಡಿಸುತ್ತಿದ್ದ ಮಾಬೂಬಿ ತಲೆ ಎತ್ತಿ ನೋಡಿದಳು. ಕಚ್ಚು ಕಂಡಿತು. ಅವತ್ತು ಸಂಜೆ ನಳದ ಹತ್ತಿರ ನನ್ನನ್ನು ನಿಲ್ಲಿಸಿ, ಅದರ ಚೀಟಿಯಲ್ಲಿ ಏನು ಬರೆದಿದೆ ಎಂದು ಕೇಳಿದಳು. ನಾನು ಹೇಳಿದೆ. ಅವಳ ಮುಖ ಕಪ್ಪಾಯಿತು. ಆಗ ಅವಳು ಗಟಾರದ ಸಂಗತಿ, ಹದಿನೆಂಟು ರೂಪಾಯಿಯ ಸಂಗತಿ ಎಲ್ಲ ಹೇಳಿದಳು.

ಮರುದಿನ ಮುಂಜಾನೆ ಪೊರಕೆ ಕೆಳಗಿಟ್ಟು ರಾಯರ ಕಟ್ಟೆಯ ಮುಂದೆ ನಿಂತಳು. ಅಂಗಡಿಯಲ್ಲಿ ಇಬ್ಬರು ಗಿರಾಕಿ ಕೂತಿದ್ದರು.

"ರಾಯರ, ಯಾಪಾರ ನಿಮ್ದು, ಲಾಭ ನಿಮ್ದು. ಅದಕ್ಕ ನಾ ಕೈ ಹಾಕಂಗಿಲ್ಲ. ಆದ್ರ ಹಳೇದಲ್ಲ ಅಂತ ಸುಳ್ಳ ಯಾಕ ಹೇಳಿದ್ರಿ? ಹಳೇದೈತಿ, ಹದಿನೆಂಟಕ್ಕ ಕೊಡ್ತೀ ಏನು ಅಂತ ಕೇಳಿದ್ರ, ಕೊಡಬೇಕೋ ಬ್ಯಾಡೋ ನಾ ಹೇಳ್ತಿದ್ದೆ."

ಗಿರಾಕಿಗಳು ರಾಯರ ಮುಖ ನೋಡಿದರು. ರಾಯರು ರುಮಾಲು ಸರಿಮಾಡಿಕೊಂಡು ಇಡೀ ಓಣಿಗೆ ಕೇಳುವ ಹಾಗೆ ಮಾತಾಡಿದರು. "ನನ್ನ ಪೆಟ್ಟಿಗಿಯೊಳಗಿಂದ ಬಿದ್ದ ನಾಣ್ಯ ಎತ್ತಿಕೊಂಡು ಹೋಗಿ ನನಗೇ ಮಾರಲಿಕ್ಕೆ ಬಂದಿದ್ದಿ. ಬಡವಿ ಅಂತ ಹದಿನೆಂಟು ರೂಪಾಯಿ ಕೊಟ್ಟು ನನ್ನ ವಸ್ತು ನಾನೇ ಬಿಡಿಸಿಕೊಂಡೆ. ಈಗ ಜಗಳಾಡಲಿಕ್ಕೆ ಬಂದೀ? ಅವತ್ತು ಯಾರ ಕಟ್ಟಿ ಮುಂದರೆ ನಿಂತು ಕೇಳಿದ್ದಿ ಏನು? ಕೇಳಿದ್ರ ಯಾರರೆ ಹೇಳ್ರಿ."

ಯಾರೂ ಹೇಳಲಿಲ್ಲ, ಏಕೆಂದರೆ ಅವಳು ಕೇಳಿರಲಿಲ್ಲ. ಪತ್ತಾರರು ಕಟ್ಟೆಯಿಂದ ಇಳಿದು ಬಂದರು. ಕಾಳಪ್ಪಜ್ಜ ಅವರಲ್ಲಿ ಹಿರಿಯ. ಅವನು ನಿಧಾನವಾಗಿ ಕೇಳಿದ, "ಖರೇ ಏನ ಬೇ? ಇಡೀ ನಾಣ್ಯ ಸಿಕ್ಕಿತ್ತು, ಓಣಿ ಸುತ್ತಲಿಲ್ಲೇನು?"

"ಸುತ್ತಲಿಲ್ಲಜ್ಜಾ. ಅದೊಂದು ತಪ್ಪ ಮಾಡೀನಿ. ಕದ್ದಿಲ್ಲ."

"ಸುತ್ತದಿದ್ದ ಮ್ಯಾಲ ಕದ್ದಂಗ. ನಾಳಿಂದ ಓಣಿಗೆ ಬರಬ್ಯಾಡ."

ನಾನು ಮೇಲಿನ ಕಿಟಕಿಯಲ್ಲಿ ನಿಂತಿದ್ದೆ. ನವಲಗುಂದದ ಹೊಲದಲ್ಲಿ ಸಿಕ್ಕಿತೆಂದು ಚೀಟಿಯಲ್ಲಿ ಬರೆದ ಕೈ ನನ್ನದು. ರಾಯರು ಓಣಿಗೊಂದು ಹೇಳುತ್ತಿದ್ದಾರೆ, ಗಿರಾಕಿಗೊಂದು ಹೇಳಿದ್ದಾರೆ ಎಂದು ಕಿಟಕಿಯಿಂದ ಒಂದು ಮಾತು ಕೂಗಿದ್ದರೆ ಸಾಕಿತ್ತು. ಕೂಗಲಿಲ್ಲ. ವಿಧವೆ ಮಾಸ್ತರಿಣಿಯ ಹೆಸರು ನಾಣ್ಯದ ಜಗಳದಲ್ಲಿ ಬಂದರೆ ಶಾಲೆಯವರು ಏನೆನ್ನುತ್ತಾರೆಂಬ ಹೆದರಿಕೆ ನನ್ನ ಬಾಯಿ ಹೊಲಿದಿತ್ತು. ಮಾಬೂಬಿ ಪೊರಕೆ ಎತ್ತಿಕೊಂಡು ಹೋದಳು. ಒಮ್ಮೆ ಮೇಲೆ ನೋಡಿದಳು. ಆ ನೋಟ ನೆನಪಾದರೆ ಇವತ್ತಿಗೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಹದಿನೈದು ದಿನ ಅನ್ನ ರುಚಿಸಲಿಲ್ಲ. ಕಡೆಗೆ ಒಂದು ರವಿವಾರ ಟಾಂಗಾ ಹತ್ತಿ ಉಣಕಲ್ಲಿಗೆ ಹೋದೆ. ಮಾಬೂಬಿ ಅಂಗಳದಲ್ಲಿ ಆಡುಗಳಿಗೆ ಸೊಪ್ಪು ಹಾಕುತ್ತಿದ್ದಳು. ಗೋಡೆಯ ಬದಿಗೆ ಹನ್ನೊಂದು ಗಂಟು ಸಾಲಾಗಿದ್ದವು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನಾನು ನಿಂತುಕೊಂಡೇ, ನನ್ನದು ತಪ್ಪಾಯಿತು ಎಂದೆ.

"ಅಕ್ಕಾರ, ನಿಮ್ಮ ತಪ್ಪು ಕಟಗೊಂಡು ನಾ ಏನ ಮಾಡ್ಲಿ?" ಎಂದಳು. ಇನ್ನೊಂದು ಹಿಡಿ ಸೊಪ್ಪು ಕೈಗೆತ್ತಿಕೊಂಡು ಕೇಳಿದಳು, "ಆ ಚೀಟಿ ಎಷ್ಟು ಸಲ ಬರದ್ರಿ?"

"ಮೂರು ಸಲ. ಒಂದಕ್ಕ ಮಸಿ ಚೆಲ್ಲಿತಂತ, ಒಂದನ್ನ ಇಲಿ ಕಡೀತಂತ."

ಅವಳು ಕೈಯಲ್ಲಿದ್ದ ಸೊಪ್ಪು ಹಾಗೇ ಹಿಡಿದು ನಕ್ಕಳು. "ಸಾಲಿ ಕಲ್ತವ್ರು ನೀವು ಭಾಳ ಲಗೂ ನಂಬ್ತೀರಿ." ಎದ್ದು ಹೋಗಿ ಹಸಿರು ಚಿಂದಿಯ ಗಂಟನ್ನು ಕಾಲಿನಿಂದ ತಳ್ಳಿದಳು. ಅದು ಅಲ್ಲಾಡಲಿಲ್ಲ. "ಒಲಿ ಇಲ್ಲದ ಅಂಗಡಿ ಕಸ ಇಷ್ಟು ವಜ್ಜಿ ಯಾಕ ಇರ್ತೈತ್ರಿ? ಸಂಕ್ರಮಣ ಆದ ಮ್ಯಾಲ ಇವ್ರ ಕಸದಾಗ ನಂಗ ಕಾಳಪ್ಪಜ್ಜನ ಕಸಕ್ಕಿಂತ ಹೆಚ್ಚು ಬಂಗಾರ ಸಿಕ್ಕೈತಿ. ನಾಕಾಣೆ ಕಸ. ನನ್ನ ನಶೀಬ ಅಂತ ಬಾಯಿ ಮುಚ್ಚಿಕೊಂಡಿದ್ದೆ. ನೀವು ಕಿಡಕ್ಯಾಗ ಮುಚ್ಚಿಕೊಂಡ್ರಿ, ನಾ ಕೆರಿ ದಂಡ್ಯಾಗ."

ಕೈಯಲ್ಲಿದ್ದ ಸೊಪ್ಪನ್ನು ಆಡುಗಳ ಮುಂದೆ ಹಾಕಿದಳು.

"ಫಕೀರಪ್ಪ ಸಾಹುಕಾರ್ರು ಓಣಿಗೆ ಯಾವಾಗ ಬರ್ತಾರ?" ಎಂದು ಕೇಳಿದಳು.

ಬರುವ ರವಿವಾರ ಎಂದೆ. ಮುಂಬಯಿಯವರಿಗೆ ಮಾರಲು ರಾಯರಿಂದ ಚೀಟಿಯ ಮೇಲೆ ಸಹಿ ಹಾಕಿಸಿಕೊಂಡು ಹೋಗುತ್ತೇನೆಂದು ಅವರು ಕಾಳಪ್ಪಜ್ಜನಿಗೆ ಹೇಳಿದ್ದನ್ನು ಕೇಳಿದ್ದೆ.

ಆ ವಾರ ಮೃಗಶಿರಾ ಮಳೆ ಚೆನ್ನಾಗಿ ಹಿಡಿಯಿತು. ರವಿವಾರ ಮುಂಜಾನೆ ಮಳೆ ಬಿಟ್ಟಿತ್ತು, ಓಣಿಯ ಕಲ್ಲು ಇನ್ನೂ ಒದ್ದೆಯಿದ್ದವು. ಮಾಬೂಬಿ ಒಂದು ಕೈಗಾಡಿಯಲ್ಲಿ ಹನ್ನೊಂದು ಗಂಟು ಹೇರಿಕೊಂಡು ಬಂದಳು. ಓಣಿಯ ನಡುವೆ, ನಳದ ಹತ್ತಿರ, ಮರಿಗೆ ಇಟ್ಟು ಕೂತುಬಿಟ್ಟಳು. ಬರಬೇಡವೆಂದು ಹೇಳಿರಲಿಲ್ಲವೇ ಎಂದು ಒಬ್ಬ ಪತ್ತಾರ ಗದರಿಸಿದ.

"ನಿಮ್ಮ ಓಣಿ ಕಸ ಬ್ಯಾಡಾಗೈತ್ರಿ ನಂಗ, ತಿರುಗಿ ಕೊಡಾಕ ಬಂದೀನಿ," ಎಂದಳು. "ಹಕ್ಕು ತಗದ ಮ್ಯಾಲ ಬ್ಯಾಸಗಿ ಕಸ ನಂದಲ್ಲ, ನಿಮ್ದು. ಆದ್ರ ಮಣ್ಣ ಕೊಟ್ಟು ಹೋದ್ರ, ಒಳಗಿಂದು ತಗೊಂಡಾಳ ಅಂತೀರಿ. ಅದಕ್ಕ ನಿಮ್ಮ ಕಣ್ಣ ಮುಂದ ತೊಳದು, ಅವರವರ ಬಂಗಾರ ಅವರವರ ಕೈಯಾಗ ಇಟ್ಟು ಹೋಗ್ತೀನಿ."

ಇದಕ್ಕೆ ಬೇಡವೆನ್ನುವುದು ಹೇಗೆ? ಅವಳ ಕೈಚಳಕವನ್ನು ಓಣಿಯ ಪತ್ತಾರರು ಯಾರೂ ಹತ್ತಿರದಿಂದ ನೋಡಿರಲಿಲ್ಲ. ಒಬ್ಬೊಬ್ಬರಾಗಿ ಸುತ್ತ ಸೇರಿದರು. ಅವಳು ಕೆಂಪು ಚಿಂದಿಯ ಗಂಟು ಬಿಚ್ಚಿ ಮರಿಗೆಗೆ ಸುರಿದಳು. ನೀರು ಹಾಕಿದಳು, ಅಲುಗಿಸಿದಳು, ಚೆಲ್ಲಿದಳು. ಅಕ್ಕಿ ಕೇರುವ ಹೆಂಗಸಿನ ಕೈಯಂತೆ ಕೈ ತನ್ನಷ್ಟಕ್ಕೆ ಆಡುತ್ತಿತ್ತು. ಕಡೆಗೆ ಮರಿಗೆಯ ಮೂಲೆಯಲ್ಲಿ ಹಳದಿ ಗೆರೆಯೊಂದು ಉಳಿಯಿತು. ಅದನ್ನು ಎಲೆಯ ಮೇಲೆ ತೆಗೆದು ಕಾಳಪ್ಪಜ್ಜನ ಕೈಯಲ್ಲಿಟ್ಟಳು. ಅಜ್ಜ ಅದನ್ನು ನೋಡುತ್ತ ನಿಂತ. ನಾಚಿಕೆಯಾಗಿತ್ತೆಂದು ನನಗನಿಸುತ್ತದೆ, ಆದರೆ ಅವನು ಬಾಯಿಬಿಟ್ಟು ಹೇಳುವವನಲ್ಲ.

ನಾಲ್ಕನೆಯ ಗಂಟು ಮುಗಿಯುವ ಹೊತ್ತಿಗೆ ಫಕೀರಪ್ಪ ಸಾಹುಕಾರರು ಬಂದರು. ಗುಂಪು ನೋಡಿ ಅವರೂ ನಿಂತರು. ಮಾಬೂಬಿ ಉಳಿದವನ್ನು ಬದಿಗೆ ಸರಿಸಿ ಹಸಿರು ಚಿಂದಿಯ ಗಂಟಿಗೆ ಕೈ ಹಾಕಿದಳು.

ಪಂಢರಿನಾಥರಾಯರು ಕಟ್ಟೆಯಿಂದಲೇ ಹೇಳಿದರು, "ನಂದು ಬಿಡು. ನಾನು ಬೆಂಕಿ ಮುಟ್ಟಾಂವ ಅಲ್ಲ, ನನ್ನ ಕಸದೊಳಗ ಏನಿರತದ? ನೀನೇ ಇಟಗೋ."

"ಎಲ್ಲಾರ್ದೂ ಕೊಟ್ಟು ನಿಮ್ದೊಂದು ಇಟಗೊಂಡ್ರ ಮತ್ತ ಕಳ್ಳಿ ಅಂತೀರಿ ರಾಯರ," ಎಂದು ಗಂಟು ಬಿಚ್ಚಿ ಸುರಿದಳು.

ಮೊದಲು ಇದ್ದಿಲ ಪುಡಿ ತೇಲಿಹೋಯಿತು. ಆಮೇಲೆ ಬಂಗಾರ ಕರಗಿಸುವ ಮೂಸೆಯ ಚೂರುಗಳು. ಪತ್ತಾರರು ಒಬ್ಬರ ಮುಖ ಒಬ್ಬರು ನೋಡಿದರು. ಒಲೆಯಿಲ್ಲದ ಅಂಗಡಿಗೆ ಮೂಸೆ ಏಕೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಳದಲ್ಲಿ ಹಳದಿ ಗೆರೆ ಎಲ್ಲರಿಗಿಂತ ದಪ್ಪಗೆ ಕೂತಿತು. ಅದರ ಜೊತೆಗೆ ಸುಟ್ಟ ಮಣ್ಣಿನ ಐದಾರು ತುಂಡು. ಅದರಲ್ಲೊಂದನ್ನು ಮಾಬೂಬಿ ಸೆರಗಿನಿಂದ ಒರೆಸಿ ಕಾಳಪ್ಪಜ್ಜನಿಗೆ ಕೊಟ್ಟಳು.

"ಅಜ್ಜಾ, ನಂಗ ಓದಾಕ ಬರಂಗಿಲ್ಲ. ನೀವು ನೋಡ್ರಿ."

ಅಜ್ಜ ತನ್ನ ಕಟ್ಟೆಯ ಮೇಲಿನ ಅರಗನ್ನು ದೀಪಕ್ಕೆ ಹಿಡಿದು ಮೆತ್ತಗೆ ಮಾಡಿ, ಆ ಮಣ್ಣಿನ ತುಂಡಿನ ಕುಳಿಗೆ ಒತ್ತಿದ. ಎಳೆದಾಗ ಅರಗಿನ ಮೇಲೆ ಬಾಲ ಎತ್ತಿದ ಸಿಂಹ ನಿಂತಿತ್ತು. ಬಾಲದ ಹತ್ತಿರ ಅಂಚಿನಲ್ಲಿ ಕಚ್ಚು.

ಫಕೀರಪ್ಪ ಸಾಹುಕಾರರು ಕಿಸೆಯಿಂದ ತಮ್ಮ ನಾಣ್ಯ ತೆಗೆದು ಅರಗಿನ ಪಕ್ಕಕ್ಕೆ ಹಿಡಿದರು. ಅದೇ ಸಿಂಹ, ಅದೇ ಕಚ್ಚು. ಅವರ ಕಿವಿ ಕೆಂಪಾದವು.

"ಅದು ನೆನಪಿಗಂತ ತಗೊಂಡ ಅಚ್ಚು," ಎಂದರು ರಾಯರು. "ದೊಡ್ಡ ದೊಡ್ಡ ಶಹರದೊಳಗೂ ಹಂಗೇ ಮಾಡತಾರ. ಸಾಹುಕಾರ್ರ ಹತ್ತರ ಇರೋದು ಅಸಲೀನೇ. ಬೇಕಾದ್ರ ಚೀಟಿ ನೋಡ್ರಿ. ಇಂಥದ್ದು ಇದೊಂದೇ."

ಅಷ್ಟೊತ್ತಿಗೆ ನಾನು ಮೆಟ್ಟಿಲಿಳಿದು ಬಂದಿದ್ದೆ. "ಆ ಚೀಟಿ ನಾ ಬರದದ್ದು," ಎಂದೆ. "ಒಂದಲ್ಲ, ಮೂರು ಬರದೀನಿ. ಮೂರರಾಗೂ ಇದೊಂದೇ ಅಂತನ ಬರದೀನಿ. ಮೂರರಾಗೂ ನವಲಗುಂದದ ಹೊಲದಾಗ ಸಿಕ್ಕದ್ದು ಅಂತ ರಾಯರೇ ಹೇಳಿ ಬರೆಸ್ಯಾರ. ತಮ್ಮ ಪೆಟ್ಟಿಗಿಯಿಂದ ಬಿತ್ತು, ಮಾಬೂಬಿ ಕದ್ದಳು ಅಂತ ನಿಮಗ ಹೇಳಿದವರೂ ಇವರೇ. ಅವತ್ತು ನಾ ಕಿಟಕಿಯೊಳಗ ನಿಂತು ಎಲ್ಲಾ ಕೇಳಿದೆ. ಬಾಯಿ ಬಿಡಲಿಲ್ಲ. ಇವತ್ತು ಬಿಟ್ಟೀನಿ."

ಫಕೀರಪ್ಪ ಸಾಹುಕಾರರು ಕಟ್ಟೆ ಹತ್ತಿ ರಾಯರ ಎದುರಿಗೆ ಕೂತರು. ಫೌಜುದಾರರನ್ನು ಕರೆಯೋಣ ಎಂದು ಯಾರೋ ಅಂದರು. ಸಾಹುಕಾರರು ಕೈಯಾಡಿಸಿ ಬೇಡವೆಂದರು. ನಶ್ಯದ ಡಬ್ಬಿಯಲ್ಲಿ ಇನ್ನೇನೇನಿದೆ ಎಂದು ಫೌಜುದಾರರು ಕೇಳುವುದು ಅವರಿಗೆ ಬೇಕಿರಲಿಲ್ಲ. "ನನ್ನ ನಾನೂರೈವತ್ತು ಇಲ್ಲಿಡ್ರಿ. ಅಸಲಿ ಎಲ್ಲೈತಿ ಅದನ್ನೂ ತಗೀರಿ," ಎಂದರು.

ರಾಯರು ಮಕಮಲ್ಲಿನ ಪೆಟ್ಟಿಗೆಯ ಅಡಿಯ ಪದರ ಎತ್ತಿ ಒಂದು ನಾಣ್ಯ ತೆಗೆದಿಟ್ಟರು. ಅದರ ಪಕ್ಕಕ್ಕೆ ನೋಟು ಎಣಿಸಿಟ್ಟರು. ಕಾಳಪ್ಪಜ್ಜ ಆ ನಾಣ್ಯವನ್ನೂ ಸಾಹುಕಾರರದನ್ನೂ ಕಲ್ಲಿನ ಮೇಲೆ ಒಂದೊಂದಾಗಿ ಬಿಟ್ಟು ಕಿವಿಗೊಟ್ಟು ಕೇಳಿದ. "ಇದು ಬಡದು ಮಾಡಿದ್ದು, ಅದು ಎರದು ಮಾಡಿದ್ದು," ಎಂದ.

ಸಾಹುಕಾರರು ಬಡಿದು ಮಾಡಿದ್ದರ, ಎಂದರೆ ರಾಯರ ಪೆಟ್ಟಿಗೆಯಿಂದ ಬಂದ ಅಸಲಿಯ, ಕಡೆಗೆ ಕೈ ಚಾಚಿದರು. ಅವರ ಕೈಗಿಂತ ಮೊದಲು ಮಾಬೂಬಿಯ ಕೈ ಕಟ್ಟೆಯ ಮೇಲೆ ಬಂತು. ಒದ್ದೆಯ ಕೈ, ಉಗುರ ಸಂದಿಯಲ್ಲಿ ಇದ್ದಿಲು.

"ತಡೀರಿ ಸಾಹುಕಾರ್ರ. ರಾಯರ, ನಂಗ ಇದು ಹೊಸಾದು ಅಂದ್ರಿ. ಓಣಿಗೆ ನಂದ ಐತಿ, ಕದ್ದಾಳ ಅಂದ್ರಿ. ಇವ್ರಿಗೆ ಹೊಲದಾಗ ಸಿಕ್ಕೈತಿ ಅಂದ್ರಿ. ಮೂರ್ರಾಗ ಯಾವುದು ಖರೇ? ಇವ್ರ ಮುಂದ ಹೇಳ್ರಿ."

ರಾಯರು ಮೆಲ್ಲಗೆ ಏನೋ ಅಂದರು.

"ಹಿಂದಿನವ್ರಿಗೆ ಕೇಳಂಗಿಲ್ರಿ," ಎಂದಳು ಮಾಬೂಬಿ.

"ಗಟಾರದೊಳಗ ಸಿಕ್ಕದ್ದು. ನೀನೇ ತಂದು ಕೊಟ್ಟದ್ದು."

"ನಿಮ್ಮ ಪೆಟ್ಟಿಗ್ಯಾಗಿಂದು ಅಲ್ಲ?"

"ಅಲ್ಲ."

"ನೀವು ಕಟ್ಟಿದ ಬೆಲಿ?"

"ಹದಿನೆಂಟು ರೂಪಾಯಿ."

ಮಾಬೂಬಿ ಸೆರಗಿನ ತುದಿಯ ಗಂಟು ಬಿಚ್ಚಿದಳು. ಕಾಗದದ ನೋಟು, ಚಿಲ್ಲರೆ ಎಲ್ಲ ಸೇರಿಸಿ ಹದಿನೆಂಟು ರೂಪಾಯಿ ಎಣಿಸಿ ಕಟ್ಟೆಯ ಮೇಲಿಟ್ಟಳು. "ತಗೋರಿ. ನಿಮ್ಮ ಬೆಲಿ ನಿಮಗ. ಹೊಸಾದು ನೀವು ಎಷ್ಟು ಬೇಕಾದ್ರೂ ಮಾಡ್ಕೊಳ್ಳಾಕ ಬರ್ತೈತಿ. ನನ್ನ ಹಳೇದು ನಂಗ ಕೊಡ್ರಿ."

ಆಗ ನನಗೆ ಹೊಳೆಯಿತು. ಅವಳು ಈ ದುಡ್ಡನ್ನು ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದಳು. ಹಸಿರು ಗಂಟಿನಲ್ಲಿ ಏನಿದೆಯೆಂದು ಒಂದು ಹಿಡಿ ತೊಳೆದು ನೋಡಿಯೇ ಬಂದಿದ್ದಳು. ಬೆಳ್ಳಿಯೂ ಕರಿಯವ್ವನೂ ಈಗ ಯಾರ ಹಟ್ಟಿಯಲ್ಲಿವೆಯೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ರಾಯರು ಕಾಳಪ್ಪಜ್ಜನನ್ನು ನೋಡಿದರು, ಸಾಹುಕಾರರನ್ನು ನೋಡಿದರು. ಯಾರೂ ಅವರ ಸಹಾಯಕ್ಕೆ ಬರಲಿಲ್ಲ. "ಕೊಡ್ರಿ ರಾಯರ," ಎಂದ ಅಜ್ಜ. ರಾಯರು ನಾಣ್ಯವನ್ನು ಮುಂದೆ ತಳ್ಳಿದರು.

ಎಲ್ಲ ಮುಗಿಯಿತೆಂದು ನಾವು ತಿಳಿದೆವು. ಅವಳಿಗೆ ಮುಗಿದಿರಲಿಲ್ಲ. ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ಓಣಿಯ ತುದಿಗೆ ಹೋದಳು. ಪತ್ತಾರರಿಗೆ ಅರ್ಥವಾಗಿ ಅವರವರು ಅವರವರ ಕಟ್ಟೆಗೆ ಹೋಗಿ ಕೂತರು. ಮೊದಲನೆಯ ಕಟ್ಟೆಯ ಮುಂದೆ ನಿಂತು ಕೈ ಚಾಚಿ ಕೇಳಿದಳು.

"ಇದು ನಿಮ್ದೇನ್ರಿ?"

"ಅಲ್ಲವಾ."

ಎರಡನೆಯದು, ಮೂರನೆಯದು. ಸಂಕ್ರಮಣಕ್ಕೆ ಹಾಕಬೇಕಾಗಿದ್ದ ಸುತ್ತನ್ನು ಜೂನ್ ತಿಂಗಳಲ್ಲಿ ಒಂದೊಂದೇ ಹೆಜ್ಜೆ ಎಣಿಸಿ ಹಾಕಿದಳು. ಅವಸರ ಮಾಡಲಿಲ್ಲ. ಗದರಿಸಿದ್ದವನ ಕಟ್ಟೆಯ ಮುಂದೆ ಸ್ವಲ್ಪ ಹೆಚ್ಚೇ ಹೊತ್ತು ನಿಂತಳು. ಪಂಢರಿನಾಥರಾಯರ ಕಟ್ಟೆಯನ್ನೂ ಬಿಡಲಿಲ್ಲ. ಅಲ್ಲಿಯೂ ಅದೇ ಕೈ, ಅದೇ ಮಾತು. ರಾಯರು ತಲೆ ಎತ್ತದೆ "ಅಲ್ಲ" ಎಂದರು. ಕಡೆಯದು ಕಾಳಪ್ಪಜ್ಜನದು.

"ಇದು ನಿಮ್ದೇನಜ್ಜಾ?"

"ನಮ್ದಲ್ಲಬೇ. ನಿಂದು," ಎಂದ ಅಜ್ಜ. ಮುಂಜಾನೆ ಅವಳು ಕೊಟ್ಟಿದ್ದ ಎಲೆಯನ್ನು ತಿರುಗಿ ಅವಳ ಮುಂದೆ ಇಟ್ಟ. "ಇದೂ ನಿಂದ. ನಾಳೆ ನಸುಕಿನ್ಯಾಗ ಬಾ. ಕಸ ಹಂಗ ಬಿದ್ದೈತಿ."

"ಹಸರ ಗಂಟಿಂದು?"

"ಅದು ಎಲ್ಲಾಕಿಂತ ಮೊದಲ ನಿಂದು."

ಅವಳು ಎಲೆಯನ್ನು ಮಡಚಿಕೊಂಡಳು. ನನ್ನ ಹತ್ತಿರ ಬಂದು ನಾಣ್ಯ ತೋರಿಸಿ ಹೇಳಿದಳು, "ಅಕ್ಕಾರ, ಇದಕ್ಕೊಂದು ಚೀಟಿ ಬರೀರಿ. ಈ ಸಲ ನಾ ಹೇಳ್ತೀನಿ. ಪತ್ತಾರ ಓಣಿ ಗಟಾರದಾಗ ಸಿಕ್ಕದ್ದು. ಮಾಬೂಬಿ ತೊಳದದ್ದು. ನಾಕಾಣೆ ಕೊಡಂಗಿಲ್ಲ ನೋಡ್ರಿ."

ಕಾಳಪ್ಪಜ್ಜನ ಕಟ್ಟೆಯ ಮೇಲೆ ಕೂತು ಬರೆದೆ. ಅಷ್ಟು ಒಳ್ಳೆಯ ಅಕ್ಷರ ನಾನು ಅದಕ್ಕೂ ಮೊದಲು ಬರೆದಿರಲಿಲ್ಲ.

ಫಕೀರಪ್ಪ ಸಾಹುಕಾರರು ಇನ್ನೂ ಹೋಗಿರಲಿಲ್ಲ. ಅವರ ಕೈಯಲ್ಲಿ ನಾನೂರೈವತ್ತರ ನೋಟುಗಳಿದ್ದವು. ಚೀಟಿ ಒಣಗುವ ತನಕ ಕಾಯ್ದು, ಗಂಟಲು ಸರಿಮಾಡಿಕೊಂಡು ಕೇಳಿದರು. "ಮಾಬೂಬಿ, ಇದು ನನಗ ಕೊಡು. ಈಗಿಂದೀಗ ಐದ ನೂರು."

ಅವಳು ಮರಿಗೆಯನ್ನು ಕೈಗಾಡಿಗೆ ಎತ್ತಿಡುತ್ತಿದ್ದಳು.

"ಆರ ನೂರು," ಎಂದರು. ಅವಳು ಗಂಟುಗಳನ್ನು ಒಂದೊಂದಾಗಿ ಒಟ್ಟಿದಳು. "ಎಂಟ ನೂರು. ಮುಂಬಯಿಯವ್ರಿಗಿಂತ ಮೊದಲ ನಾ ಕೊಡ್ತೀನಿ. ಆಡು ತಗೋ, ಎಮ್ಮಿ ತಗೋ, ಮನೀಗೆ ಹಂಚು ಹಾಕಿಸು."

ಎಂಟುನೂರು ರೂಪಾಯಿ ನನ್ನ ಎರಡು ವರ್ಷದ ಸಂಬಳ. ತೆಗೆದುಕೋ ಎಂದು ನಾನೇ ಹೇಳಬೇಕೆಂದಿದ್ದೆ. ಮಾಬೂಬಿ ಚೀಟಿಯನ್ನು ನಾಣ್ಯಕ್ಕೆ ಸುತ್ತಿ, ಹದಿನೆಂಟು ರೂಪಾಯಿ ಇದ್ದ ಸೆರಗಿನ ಅದೇ ತುದಿಯಲ್ಲಿ ಗಂಟು ಹಾಕಿ, ಹಲ್ಲಿನಿಂದ ಬಿಗಿದಳು. ಆಮೇಲೆ ಗಾಡಿಯ ಹಿಡಿಕೆ ಎತ್ತಿಕೊಂಡಳು.

"ಇವತ್ತು ಮಾರಂಗಿಲ್ರಿ ಸಾಹುಕಾರ್ರ," ಎಂದಳು. "ಬೆಲಿ ಏರಾಕತ್ತೈತಿ ಅಂದ್ರಲ್ಲ, ಏರ್ಲಿ."